ಟೋಕನ್ ಮುಟ್ಟದ ನಾಲ್ಕು ದಿನ

ಮಿಸ್ಸು ತನ್ನ ಐವತ್ತೊಂದು ವರ್ಷದ ಬದುಕಿನಲ್ಲಿ ಯಾರನ್ನೂ ಕೇಳದೆ, ತಾನೇ ತೀರ್ಮಾನ ಮಾಡಿ ತಂದದ್ದು ಎಂದರೆ ಒಂದು ಕೊಡೆ. ಅದನ್ನೂ ಅತ್ತಿಗೆ ಮಾರನೇ ದಿನ ಅಂಗಡಿಗೆ ಹೊತ್ತುಕೊಂಡು ಹೋಗಿ, ಈ ಬಣ್ಣ ಬೇಗ ಮಾಸುತ್ತದೆ ಎಂದು ಕಪ್ಪಿಗೆ ಬದಲಾಯಿಸಿಕೊಂಡು ಬಂದಿದ್ದಳು.

ಉಳಿದದ್ದೆಲ್ಲ ಬೇರೆಯವರ ಬಾಯಿಂದ ಬಂದದ್ದೇ. ಹತ್ತನೇ ತರಗತಿ ಮುಗಿದಾಗ ಓದಿದ್ದು ಸಾಕು, ಟೈಪಿಂಗ್ ಕಲಿಯಲಿ ಎಂದವನು ಅಪ್ಪ. ಮದುವೆಯ ಮಾತು ಎದ್ದಾಗ ಹೂಂ ಎಂದವರು ಇವಳ ಮನೆಯವರು, ಊಹೂಂ ಎಂದವರು ಆ ಕಡೆಯವರು. ನಡುವೆ ಕೂತಿದ್ದವಳನ್ನು ಎರಡೂ ಕಡೆಯವರು ಒಂದು ಮಾತು ಕೇಳಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ, ಇವಳಿಗೇನು ಗಂಡನೋ ಮಕ್ಕಳೋ ಎಂದು ಎಂಟು ವರ್ಷದ ಚಾಕರಿಯನ್ನು ಇವಳ ತಲೆಗೆ ಕಟ್ಟಿದವನು ಅಣ್ಣ. ಅವನು ಕೆಟ್ಟವನೇನಲ್ಲ. ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕು ಎಂದು ಗೊತ್ತಿದ್ದ ಮನುಷ್ಯ, ತಂಗಿಯನ್ನೂ ಹಾಗೇ ಒಂದು ಕಡೆ ಇಟ್ಟಿದ್ದ.

ಇಂಗ್ಲಿಷ್ ಬಂದದ್ದು ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ. ವಕೀಲರ ನೋಟಿಸುಗಳನ್ನು ದಿನಕ್ಕೆ ನಲವತ್ತು ಹಾಳೆ ಕುಟ್ಟಿ ಕುಟ್ಟಿ ಭಾಷೆ ಬೆರಳಿನಿಂದ ತಲೆಗೆ ಹತ್ತಿತು. ನಮ್ಮ ಕಕ್ಷಿದಾರರು ತೀರ್ಮಾನಿಸಿದ್ದಾರೆ, ನಮ್ಮ ಕಕ್ಷಿದಾರರು ಒಪ್ಪುವುದಿಲ್ಲ, ಏಳು ದಿನದೊಳಗೆ ಉತ್ತರ ಕೊಡತಕ್ಕದ್ದು. ಅಷ್ಟು ಗಟ್ಟಿ ದನಿಯಲ್ಲಿ ಯಾರೋ ಎಲ್ಲೋ ಮಾತಾಡುತ್ತಾರೆ ಎನ್ನುವುದೇ ಅವಳಿಗೆ ಖುಷಿ. ಅಂಚೆ ಮೂಲಕ ಡಿಗ್ರಿ ಮುಗಿಸಿ ಒಂದು ಖಾಸಗಿ ಶಾಲೆಗೆ ಸೇರಿದಳು. ಇಪ್ಪತ್ತೆರಡು ವರ್ಷ ಪಾಠ ಮಾಡಿದ ಮೇಲೆ ಆಡಳಿತ ಮಂಡಳಿಯವರಿಗೆ ಚಿಕ್ಕ ವಯಸ್ಸಿನವರು ಬೇಕೆನಿಸಿತು. ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆ ಮಾತಾಡಿ ಕಳಿಸಿದರು. ಗಡಿಯಾರಕ್ಕೆ ಸೆಲ್ ಹಾಕಿರಲಿಲ್ಲ.

ಆಮೇಲೆ ಸಿಕ್ಕಿದ್ದು ಬಟ್ಟೆ ಕಾರ್ಖಾನೆಯ ಕೆಲಸ. ಅಲ್ಲಿ ಹೊಲಿಯುವ ಅಂಗಿಗಳನ್ನು ಕೊಳ್ಳುವ ಕಂಪನಿ ಹೊರದೇಶದ್ದು. ಕೆಲಸಗಾರರಿಗೆ ಇಂಗ್ಲಿಷ್ ಕಲಿಸಬೇಕು, ಧೈರ್ಯವಾಗಿ ಮಾತಾಡಲು ಕಲಿಸಬೇಕು, ಹಾಗಿದ್ದರೆ ಮಾತ್ರ ಅಂಗಿ ಕೊಳ್ಳುತ್ತೇವೆ ಎಂದು ಅವರು ಷರತ್ತು ಹಾಕಿದ್ದರು. ಅಂಗಿ ತೊಡುವವರಿಗೆ ಮನಸ್ಸು ಹಗುರವಾಗಬೇಕಲ್ಲ. ಕಾರ್ಖಾನೆಯ ವೆಲ್‌ಫೇರ್ ಆಫೀಸರು ಹೊಲಿಗೆ ಮಿಷಿನ್ನುಗಳ ಒಂದು ಲೈನಿನಿಂದ ಹನ್ನೊಂದು ಹೆಂಗಸರನ್ನು ಆರಿಸಿದ. ಕ್ಯಾಂಟೀನಿನ ಮೇಲಿನ ಸಾಮಾನು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒತ್ತರಿಸಿ ಬೆಂಚು ಹಾಕಿಸಿದ. ಸೋಮವಾರ, ಬುಧವಾರ, ಪಾಳಿಯ ಕೊನೆಯ ಒಂದು ಗಂಟೆ ಪಾಠ.

ಮಿಸ್ಸು ಎಂದು ಹೆಸರಿಟ್ಟದ್ದು ಆ ಹೆಂಗಸರೇ. ಅವರಿಗೂ ಅವರವರ ಕೆಲಸದ್ದೇ ಹೆಸರು. ಹದಿನೆಂಟು ವರ್ಷದಿಂದ ಅಂಗಿಗೆ ಕಾಲರು ಕೂರಿಸುತ್ತಿದ್ದವಳು ಕಾಲರಕ್ಕ. ಮಾತು ಕಡಿಮೆ, ಕತ್ತು ಯಾವಾಗಲೂ ಸ್ವಲ್ಪ ಎಡಕ್ಕೆ ಓರೆ. ಗುಂಡಿ ಹೊಲಿಯುತ್ತಿದ್ದ ಇಪ್ಪತ್ತಾರರವಳು ಗುಂಡಿ, ಬಾಯಿಗೆ ಬೀಗವಿಲ್ಲ. ಇಂಗ್ಲಿಷ್ ಬೇಗ ಹತ್ತಿದ್ದೂ ಅವಳಿಗೇ, ತಪ್ಪಾದರೆ ನಾಚಿಕೆಯಿಲ್ಲವಾದ್ದರಿಂದ.

ಪಾಠಕ್ಕೆ ಒಂದು ಪುಸ್ತಕ ಕಳಿಸಿದ್ದರು. ನುಣುಪು ಹಾಳೆ, ಬಣ್ಣದ ಚಿತ್ರ, ಹನ್ನೆರಡು ಪಾಠ. ಏಳನೆಯ ಪಾಠ, ತೀರ್ಮಾನ ಮಾಡುವ ಕುರಿತು ಇಂಗ್ಲಿಷಿನಲ್ಲಿ ಮಾತಾಡುವುದು ಹೇಗೆ ಎಂಬುದು. ಚಿತ್ರದಲ್ಲಿ ಗಂಡ ಹೆಂಡತಿ ಒಂದು ಸೋಫಾದ ಮೇಲೆ ಕೂತು, ಇನ್ನೊಂದು ಸೋಫಾ ಕೊಳ್ಳಬೇಕೋ ಬೇಡವೋ ಎಂದು ಚರ್ಚೆ ಮಾಡುತ್ತಿದ್ದರು. ಕೆಳಗೆ ಅಭ್ಯಾಸ: ರಜೆಗೆ ಬೆಟ್ಟಕ್ಕೆ ಹೋಗುವಿರೋ, ಕಡಲಿಗೋ? ಜೋಡಿಯಾಗಿ ಕೂತು ಮಾತಾಡಿ.

ಗುಂಡಿ ಜೋಡಿಯ ಕಡೆ ತಿರುಗಿ, "ಏನೇ, ಬೆಟ್ಟಕ್ಕೆ ಹೋಗೋಣ್ವಾ?" ಎಂದಳು. "ಹೋಗೋಣ ಕಣೆ, ಮೊದ್ಲು ಭಾನುವಾರ ಓವರ್‌ಟೈಮ್ ಇಲ್ಲ ಅಂತ ಬರ್ಸ್ಕೊಂಡು ಬಾ," ಎಂದಳು ಇನ್ನೊಬ್ಬಳು. ಬೆಂಚುಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವು.

ಮಿಸ್ಸಿಗೂ ನಗು ಬಂತು. ಆದರೆ ಅವಳಿಗೆ ಪಾಠದ ಮೇಲೆ ಹುಚ್ಚು. ಪುಸ್ತಕ ಮುಚ್ಚಿಟ್ಟಳು. ನಿಮ್ಮ ಬದುಕಿನಲ್ಲಿ ನೀವೇ ಮಾಡಿದ ಒಂದು ತೀರ್ಮಾನ ಹೇಳಿ, ಕನ್ನಡದಲ್ಲೇ ಹೇಳಿ, ಇಂಗ್ಲಿಷ್ ನಾನು ಕೊಡುತ್ತೇನೆ ಎಂದಳು. ಒಬ್ಬಳು ಮದುವೆ ಎಂದಳು, ಅಲ್ಲ ಅದು ಮಾವ ಮಾಡಿದ್ದು ಎಂದು ತಾನೇ ತಿದ್ದಿಕೊಂಡಳು. ಬೆಳಿಗ್ಗೆ ಏಳುವುದು ಅಲಾರಮ್ಮಿನ ತೀರ್ಮಾನ, ಮಲಗುವುದು ಬೆನ್ನಿನ ತೀರ್ಮಾನ ಎಂದಳು ಗುಂಡಿ. ಮತ್ತೊಬ್ಬಳು ಎರಡು ಮಕ್ಕಳು ಸಾಕು ಎಂದು ತಾನೇ ತೀರ್ಮಾನಿಸಿದೆ ಎಂದಳು. ಮೂರನೆಯದು ಹೇಗೆ ಬಂತು ಎಂದು ಪಕ್ಕದವಳು ಕೇಳಿದಳು. ಹತ್ತು ನಿಮಿಷ ಹೀಗೇ ಹೋಯಿತು. ನಗು ಸಣ್ಣಗಾಗುತ್ತ ಬಂತು. ತೀರ್ಮಾನ ಎಂಬ ಸಾಮಾನು ಯಾರ ಮನೆಯಲ್ಲೂ ಇರಲಿಲ್ಲ.

ಆಗ ಕಾಲರಕ್ಕ ಎದ್ದು ನಿಂತಳು.

"ನಂದೊಂದಿದೆ ಮಿಸ್. ನೀರು."

ಮಿಸ್ಸಿಗೆ ಅರ್ಥವಾಗಲಿಲ್ಲ. ಕಾಲರಕ್ಕ ನಿಧಾನಕ್ಕೆ ಬಿಡಿಸಿ ಹೇಳಿದಳು. ಅವರ ಲೈನಿನಲ್ಲಿ ಮೂವತ್ತೆರಡು ಮಿಷಿನ್ನು. ಸೂಪರ್‌ವೈಸರನ ಮೇಜಿನ ಪಕ್ಕ ಮೊಳೆಗೆ ಎರಡು ಕೆಂಪು ಮರದ ಹಲಗೆ ನೇತುಹಾಕಿದ್ದಾರೆ, ಅದಕ್ಕೆ ಟೋಕನ್ ಎನ್ನುತ್ತಾರೆ. ಶೌಚಾಲಯಕ್ಕೆ ಹೋಗುವವಳು ಅದನ್ನು ಕುತ್ತಿಗೆಗೆ ಹಾಕಿಕೊಂಡು ಹೋಗಬೇಕು. ಎರಡೂ ಹೋಗಿದ್ದರೆ ಕಾಯಬೇಕು. ತಂದಿಡುವಾಗ ಸೂಪರ್‌ವೈಸರು ಗಡಿಯಾರ ನೋಡಿ ಎಷ್ಟು ನಿಮಿಷ ಎಂದು ಗಟ್ಟಿಯಾಗಿ ಕೂಗುತ್ತಾನೆ, ಇಡೀ ಲೈನಿಗೆ ಕೇಳುವ ಹಾಗೆ. ಬೆಳಿಗ್ಗೆ ಒಂದು ಲೋಟ ನೀರು ಕುಡಿದರೆ ಹತ್ತೂವರೆಗೆ ಏಳಬೇಕಾಗುತ್ತದೆ. ಅದಕ್ಕೇ ಅವಳು ಮಧ್ಯಾಹ್ನದ ಊಟದವರೆಗೆ ನೀರು ಕುಡಿಯುವುದಿಲ್ಲ.

"ಅದು ನಾನೇ ಮಾಡಿದ ತೀರ್ಮಾನ. ಹದಿನೆಂಟು ವರ್ಷ ಆಯ್ತು. ಕಿಡ್ನಿಲಿ ಕಲ್ಲಿದೆ ಅಂದ್ರು ಡಾಕ್ಟ್ರು. ಇದ್ಕೆ ಇಂಗ್ಲಿಷಲ್ಲಿ ಏನಂತಾರೆ?"

ಯಾರೂ ನಗಲಿಲ್ಲ. ಗುಂಡಿಯೂ.

ಮಿಸ್ಸು ಆ ದಿನ ಕಲಿಸಿದ ಹಾಗೆ ಶಾಲೆಯ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಕಲಿಸಿರಲಿಲ್ಲ. ನೋಟಿಸು ಟೈಪು ಮಾಡುತ್ತಿದ್ದ ಹುಡುಗಿ ಅವಳೊಳಗೆ ಎದ್ದು ಕೂತಿದ್ದಳು. ಸಭೆ ಮಾಡೋಣ ಎಂದಳು. ಕಾಲರಕ್ಕ ಅಧ್ಯಕ್ಷೆ, ಗುಂಡಿ ಬರೆಯುವವಳು. ಸಲಹೆ ಕೊಡುವುದು ಹೇಗೆ, ಒಪ್ಪುವುದು ಹೇಗೆ, ಒಪ್ಪದಿರುವುದು ಹೇಗೆ, ಇನ್ನೂ ಯೋಚಿಸಬೇಕು ಎನ್ನುವುದು ಹೇಗೆ, ಎಲ್ಲಕ್ಕೂ ಇಂಗ್ಲಿಷ್ ಮಾತು ಕೊಟ್ಟಳು. ವೀ ಶುಡ್, ಐ ಅಗ್ರೀ, ಐ ಆ್ಯಮ್ ನಾಟ್ ಶೂರ್. ಬಾಯಿ ತಿರುಗದಿದ್ದರೂ ಒಬ್ಬೊಬ್ಬಳೂ ಎದ್ದು ನಿಂತು ಹೇಳಿದಳು. ಟೋಕನ್ ಇರಲಿ, ಆದರೆ ಆರು ಮಾಡಲಿ ಎಂದಳೊಬ್ಬಳು. ಕೂಗುವುದನ್ನು ನಿಲ್ಲಿಸಿದರೆ ಸಾಕು ಎಂದಳು ಮತ್ತೊಬ್ಬಳು. ಅದು ಕುತ್ತಿಗೆಗೇ ಬೇಡ ಎಂದರು ಉಳಿದವರು. ಕೈ ಎತ್ತಿ ಎಣಿಸಿದರು. ಹನ್ನೊಂದಕ್ಕೆ ಹನ್ನೊಂದು.

ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಗುಂಡಿ ಇಂಗ್ಲಿಷಿನಲ್ಲಿ ಬರೆದಳು: ನಾವೆಲ್ಲರೂ ಸೇರಿ ತೀರ್ಮಾನಿಸಿದ್ದೇವೆ, ಇನ್ನು ಮೇಲೆ ಟೋಕನ್ ಮುಟ್ಟುವುದಿಲ್ಲ.

ಇಲ್ಲಿಗೆ ಬಿಟ್ಟಿದ್ದರೆ ಅದು ಪಾಠವಾಗಿಯೇ ಉಳಿಯುತ್ತಿತ್ತೇನೋ. ಆದರೆ ಮಿಸ್ಸಿನ ಕಲಿಸುವ ಪದ್ಧತಿಯಲ್ಲಿ ಸಡಿಲ ಎನ್ನುವುದೇ ಇಲ್ಲ. ಇನ್ನು ಮೇಲೆ ಅಂದರೆ ಯಾವಾಗ ಎಂದು ಕೇಳಿದಳು. ತಾರೀಕಿಲ್ಲದ ತೀರ್ಮಾನ ಬರೀ ಆಸೆ, ನೋಟಿಸಿನಲ್ಲಿ ಯಾವತ್ತೂ ತಾರೀಕು ಇರುತ್ತದೆ ಎಂದಳು. ಹೆಂಗಸರು ತಲೆ ಹತ್ತಿರ ತಂದು ಪಿಸುಮಾತಿನಲ್ಲಿ ಏನೇನೋ ಎಣಿಸಿ ಗುಣಿಸಿದರು. ಕಾಲರಕ್ಕನೇ ಬರುವ ಸೋಮವಾರ ಎಂದಳು. ಗುಂಡಿ ತಾರೀಕು ಹಾಕಿದಳು. ಹನ್ನೊಂದು ಜನ ಸಹಿ ಹಾಕಿದರು. ಕೆಳಗೆ, ಸಭೆ ನಡೆಸಿದವರು ಎಂದು ಬರೆದು ಮಿಸ್ಸು ಕೆಂಪು ಪೆನ್ನಿನಲ್ಲಿ ಸಹಿ ಹಾಕಿದಳು. ನೂರಾರು ಪರೀಕ್ಷೆ ಕಾಗದಗಳಿಗೆ ಹಾಕಿದ ಸಹಿಯೇ. ಹಾಳೆಯನ್ನು ಗೋಡೆಗೆ ಅಂಟಿಸಿ, ಅಕ್ಷರ ಮುದ್ದಾಗಿದೆ ಎಂದು ಹೊಗಳಿ, ಬಸ್ಸು ಹಿಡಿದು ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಕಾಲರಕ್ಕ ಮನೆಯಿಂದ ಎರಡು ಲೀಟರಿನ ಬಾಟಲಿ ತಂದು ಮಿಷಿನ್ನಿನ ಮೇಲೆ ಇಟ್ಟಳು. ಅರ್ಧ ಕುಡಿದಳು. ಹತ್ತೂಕಾಲಿಗೆ ಎದ್ದು, ಸೂಪರ್‌ವೈಸರನ ಮೇಜು ದಾಟಿ, ನೇತಾಡುತ್ತಿದ್ದ ಎರಡು ಹಲಗೆಗಳನ್ನೂ ದಾಟಿ, ಕೈ ಬೀಸಿಕೊಂಡು ಶೌಚಾಲಯಕ್ಕೆ ಹೋದಳು. ಸೂಪರ್‌ವೈಸರು ಏನೋ ಮರೆತಳು ಎಂದುಕೊಂಡು ಹಲಗೆ ಹಿಡಿದುಕೊಂಡು ಹಿಂದೆಯೇ ಓಡಿದ. ಬಾಗಿಲ ತನಕ ಹೋಗಿ ನಿಂತ. ಒಳಗೆ ಹೋಗುವಂತಿರಲಿಲ್ಲ. ಊಟದ ಗಂಟೆ ಹೊಡೆಯುವಷ್ಟರಲ್ಲಿ ಹನ್ನೊಂದು ಜನರೂ ಹಾಗೆ ಹೋಗಿ ಬಂದಿದ್ದರು. ಲೈನೇನು ಬಿದ್ದುಹೋಗಲಿಲ್ಲ. ಗಂಟೆಗೆ ಎಷ್ಟು ಅಂಗಿ ಆಗಬೇಕೋ ಅಷ್ಟು ಆಯಿತು.

ಆ ಸೋಮವಾರ ಪಾಠವಿರಲಿಲ್ಲ, ಕೋಣೆಗೆ ಹೊಸ ಪೆಟ್ಟಿಗೆಗಳು ಬಂದಿದ್ದವು. ಹಾಗಾಗಿ ಮಿಸ್ಸಿಗೆ ಸುದ್ದಿ ಮುಟ್ಟಿದ್ದು ಬುಧವಾರ. ಅಷ್ಟರಲ್ಲಿ ಪಕ್ಕದ ಲೈನಿನವರೂ ಟೋಕನ್ ಬಿಟ್ಟಿದ್ದರು. ಸೂಪರ್‌ವೈಸರು ಹಲಗೆ ಹಿಡಿದು ಓಡಿದ್ದನ್ನು ಗುಂಡಿ ಬೆಂಚಿನಿಂದ ಬೆಂಚಿಗೆ ಓಡಿ ಮಾಡಿ ತೋರಿಸಿದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಅಯ್ಯೋ, ಅದು ಅಭ್ಯಾಸಕ್ಕೆ ಅಂತ ಮಾಡಿದ್ದು ಎನ್ನುವ ಮಾತು ಮಿಸ್ಸಿನ ನಾಲಗೆಯ ತುದಿಗೆ ಬಂದಿತ್ತು. ಹನ್ನೊಂದು ಮುಖ ನೋಡಿ ನುಂಗಿಕೊಂಡಳು.

ಪಾಠ ಮುಗಿದ ಮೇಲೆ ಕಾಲರಕ್ಕ ಗುಂಡಿಯ ಜೊತೆ ಹಿಂದೆ ಉಳಿದಳು. ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದಳು. ಸಣ್ಣ ಅಕ್ಷರದ ಆ ಪುಟವನ್ನು ಮಿಸ್ಸು ಯಾವತ್ತೂ ಓದಿರಲಿಲ್ಲ. ಗುಂಡಿ ಡಿಕ್ಷನರಿ ಇಟ್ಟುಕೊಂಡು ಎರಡು ದಿನ ಕೂತು ಓದಿದ್ದಳು. ಕೆಲಸಗಾರರು ಸಭೆ ಸೇರಿ ಬರೆದು ಸಹಿ ಹಾಕಿದ ಯಾವ ತೀರ್ಮಾನವನ್ನಾದರೂ, ಸಭೆ ನಡೆಸಿದವರು ಹೌದೆಂದರೆ, ಕಾರ್ಖಾನೆಯವರು ಕೊಳ್ಳುವ ಕಂಪನಿಯ ತನಿಖೆಯವರ ಮುಂದೆ ಇಡಲೇಬೇಕು ಎಂದು ಅದರಲ್ಲಿತ್ತು. ತನಿಖೆಯವರು ಬರುವುದು ಮುಂದಿನ ವಾರ.

"ನಿಮ್ಗೇನೂ ತೊಂದ್ರೆ ಕೊಡಲ್ಲ ಮಿಸ್," ಎಂದಳು ಕಾಲರಕ್ಕ. "ನೀವು ನಮ್ ಜೊತೆ ನಿಲ್ಲೋದೂ ಬೇಡ, ಭಾಷಣ ಮಾಡೋದೂ ಬೇಡ. ಯಾರಾದ್ರೂ ಕೇಳಿದ್ರೆ, ಹೌದು, ಅವ್ರೇ ತೀರ್ಮಾನ ಮಾಡಿದ್ದು ಅನ್ನಿ. ಅಷ್ಟೇ."

ಮಿಸ್ಸು ಆಗಲಿ ಎಂದಳು.

ಮನೆಯಲ್ಲಿ ಬಾಯಿ ತಪ್ಪಿ ಅಣ್ಣನ ಮುಂದೆ ಹೇಳಿದಳು. ಅವನು ಪೇಪರಿನಿಂದ ತಲೆ ಎತ್ತದೆ, ನಿನಗ್ಯಾಕೆ ಊರ ಉಸಾಬರಿ, ಕೂತು ತಿನ್ನೋಕೆ ಮನೆಯಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ ಎಂದ. ಅತ್ತಿಗೆ ಲೋಟ ಎತ್ತಿಕೊಂಡು ಹೋಗುತ್ತ, ಈ ವಯಸ್ಸಲ್ಲಿ ಇವಳಿಗೆ ಇನ್ಯಾರು ಕೆಲಸ ಕೊಡುತ್ತಾರೆ ಎಂದು ಗೋಡೆಯನ್ನು ಕೇಳಿದಳು.

ಗುರುವಾರಕ್ಕೆ ನಾಲ್ಕು ದಿನ. ಮೂರು ಲೈನುಗಳಲ್ಲಿ ಟೋಕನ್‌ಗಳು ಮೊಳೆಯಲ್ಲೇ ನೇತಾಡುತ್ತಿದ್ದವು. ಶುಕ್ರವಾರ ಶೌಚಾಲಯದ ಬಾಗಿಲಿಗೆ ಕಾವಲು ಕೂರಿಸಿ, ಟೋಕನ್ ಇಲ್ಲದವರನ್ನು ಒಳಗೆ ಬಿಡದಂತೆ ಮಾಡಿದರು. ಅದೇ ಬೆಳಿಗ್ಗೆ ವೆಲ್‌ಫೇರ್ ಆಫೀಸರು ಮಿಸ್ಸಿಗೆ ಹೇಳಿ ಕಳಿಸಿದ.

ಅವನು ಕೂಗಾಡುವ ಮನುಷ್ಯನಾಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಕೂಗಿದರೆ ಮಿಸ್ಸೂ ಸೆಟೆದು ನಿಲ್ಲುತ್ತಿದ್ದಳೋ ಏನೋ. ಅವನು ಎದ್ದು ಕುರ್ಚಿ ಎಳೆದುಕೊಟ್ಟ, ಚಹಾ ತರಿಸಿದ, ಫ್ಯಾನು ಜೋರು ಮಾಡಿದ. ಗೋಡೆಯಿಂದ ಬಿಡಿಸಿ ತಂದಿದ್ದ ಹಾಳೆಯನ್ನು ಮೇಜಿನ ಮೇಲೆ ಹರಡಿ, ಎಷ್ಟು ಚೆನ್ನಾಗಿ ಕಲಿಸಿದ್ದೀರಿ, ನನ್ನ ಮಗಳಿಗೂ ಇಷ್ಟು ನೆಟ್ಟಗೆ ಬರೆಯಲು ಬರುವುದಿಲ್ಲ ಎಂದ. ಆಮೇಲೆ ಮೆತ್ತಗೆ ಶುರು ಮಾಡಿದ. ಈ ಹಾಳೆ ತನಿಖೆಯವರ ಕೈಗೆ ಹೋದರೆ ಮ್ಯಾನೇಜರಿಗೆ ಅವಮಾನ. ಅವಮಾನವಾದರೆ ಅವನು ಸುಮ್ಮನಿರುವವನಲ್ಲ, ಸಹಿ ಹಾಕಿದ ಹನ್ನೊಂದು ಜನರ ಮೇಲೂ ಹಲ್ಲು ಮಸೆಯುತ್ತಾನೆ. ಎಲ್ಲರೂ ಸಂಸಾರ ಇರುವ ಹೆಂಗಸರು.

"ನೀವೊಂದು ಮೂರು ಸಾಲು ಬರ್ಕೊಡಿ ಮಿಸ್. ಇದು ಪಾಠದ ಅಭ್ಯಾಸ, ಯಾರೂ ಯಾವ ತೀರ್ಮಾನಾನೂ ಮಾಡಿಲ್ಲ ಅಂತ. ವಿಷ್ಯ ಅಲ್ಲಿಗೇ ಮುಗೀತದೆ. ಅವ್ರನ್ನ ಉಳ್ಸೋದು ನಿಮ್ಮ ಕೈಲಿದೆ."

ಉಳಿಸುವುದು. ಆ ಮಾತು ಸೂಜಿಯ ಹಾಗೆ ಹೋಗಬೇಕಾದ ಕಡೆಗೇ ಹೋಯಿತು. ಯಾರನ್ನಾದರೂ ಉಳಿಸುವಷ್ಟು ದೊಡ್ಡವಳು ನೀನು ಎಂದು ಅವಳಿಗೆ ಈವರೆಗೆ ಯಾರೂ ಹೇಳಿರಲಿಲ್ಲ. ಹೌದು ಎನ್ನಿ ಎಂದಿದ್ದ ಕಾಲರಕ್ಕನ ಮಾತು ನೆನಪಿಗೆ ಬರಲಿಲ್ಲವೆಂದರೆ ಸುಳ್ಳು. ಬಂತು. ಪಾಪ, ಅವಳಿಗೆ ಗೊತ್ತಾಗುವುದಿಲ್ಲ, ಹದಿನೆಂಟು ವರ್ಷದ ನೌಕರಿಗೆ ಕಲ್ಲು ಹಾಕಿಕೊಳ್ಳುತ್ತಿದ್ದಾಳೆ ಎಂದು ಮಿಸ್ಸು ಅವಳ ಪರವಾಗಿ ತಾನೇ ಯೋಚಿಸಿದಳು. ಅಪ್ಪ, ಅಣ್ಣ, ಆಡಳಿತ ಮಂಡಳಿ ಇವಳ ಪರವಾಗಿ ಯೋಚಿಸಿದ ಹಾಗೆಯೇ. ಅದರ ಕೆಳಗೆ, ಇನ್ನೂ ಆಳದಲ್ಲಿ, ಲೋಟ ಎತ್ತಿಕೊಂಡು ಹೋಗುವ ಅತ್ತಿಗೆಯ ಬೆನ್ನಿತ್ತು.

ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಮೂರು ಸಾಲು ಕುಟ್ಟಿದಳು. ಬೆರಳು ಒಂದು ಕಡೆಯೂ ತಪ್ಪಲಿಲ್ಲ. ಕೆಳಗೆ ಸಹಿ ಹಾಕಿದಳು. ಆಫೀಸರು ಕೈಮುಗಿದ. ಮೆಟ್ಟಿಲು ಇಳಿಯುವಾಗ ಅವಳಿಗೆ ನಿಜವಾಗಿಯೂ ಮನಸ್ಸು ಹಗುರವಾಗಿತ್ತು.

ಸೋಮವಾರ ತನಿಖೆಯವರು ಬಂದರು. ಇಬ್ಬರು. ಪಾಠದ ಕೋಣೆ ನೋಡಿದರು, ಪುಸ್ತಕ ಹಿಡಿದ ಹೆಂಗಸರ ಫೋಟೋ ತೆಗೆದರು. ಗೋಡೆಯ ಮೇಲೆ ಹಾಳೆಯಿದ್ದ ಜಾಗದಲ್ಲಿ ಹೂವಿನ ಚಿತ್ರವಿತ್ತು. ಆ ದಿನದ ಪಾಠ ಅರ್ಧಕ್ಕೇ ಮುಗಿಯಿತು, ಮಾತಾಡಲು ಯಾರಿಗೂ ಬಿಡುವು ಸಿಗಲಿಲ್ಲ.

ಬುಧವಾರ ಬೆಂಚಿನ ಮೇಲೆ ಹತ್ತೇ ಜನ. ಕಾಲರಕ್ಕ ಎಲ್ಲಿ ಎಂದು ಮಿಸ್ಸು ಕೇಳಿದಳು. ಎಲ್ಲರೂ ಪುಸ್ತಕ ತೆರೆದುಕೊಂಡು ಎಂಟನೆಯ ಪಾಠಕ್ಕೆ ತಯಾರಾಗಿ ಕೂತಿದ್ದರು. ಮೂರನೆಯ ಸಲ ಕೇಳಿದಾಗ ಗುಂಡಿ ಎದ್ದಳು. ಅವಳ ದನಿಯಲ್ಲಿ ಎಂದಿನ ಆಟವಿರಲಿಲ್ಲ.

ನಡೆದದ್ದು ಇಷ್ಟು. ಮಂಗಳವಾರ ಆಫೀಸರು ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿದ. ಮಿಸ್ಸಿನ ಮೂರು ಸಾಲು ಓದಿ ಹೇಳಿದ. ಸಭೆಯೂ ಆಗಿಲ್ಲ, ತೀರ್ಮಾನವೂ ಆಗಿಲ್ಲ ಎಂದು ಸಭೆ ನಡೆಸಿದವರೇ ಹೇಳಿದ್ದಾರೆ. ಹಾಗಾದರೆ ನಾಲ್ಕು ದಿನ ನೀನು ಯಾರ ಅಪ್ಪಣೆ ಪಡೆದು ಮಿಷಿನ್ ಬಿಟ್ಟು ಎದ್ದೆ? ಎಲ್ಲರೂ ಸೇರಿ ಮಾಡಿದ್ದರೆ ಅದು ತೀರ್ಮಾನ. ಸೇರಿಲ್ಲ ಎಂದ ಮೇಲೆ ಅದು ಹನ್ನೊಂದು ಬೇರೆ ಬೇರೆ ಅಪರಾಧ, ಒಂದೊಂದಕ್ಕೂ ಕೆಲಸದಿಂದ ತೆಗೆಯಬಹುದು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ ದಾರಿಯನ್ನೂ ತೋರಿಸಿದ. ಇಂಗ್ಲಿಷ್ ಮಿಸ್ಸು ಹೇಳಿಕೊಟ್ಟರು, ನಾನು ತಿಳಿಯದೆ ಮಾಡಿದೆ, ನನ್ನದೇನೂ ತೀರ್ಮಾನವಿರಲಿಲ್ಲ ಎಂದು ಬರೆದುಕೊಟ್ಟರೆ ಎಚ್ಚರಿಕೆ ಕೊಟ್ಟು ಬಿಡುತ್ತೇವೆ. ಬರೆದ ಹಾಳೆ ತಯಾರಿತ್ತು, ಸಹಿಗೆ ಜಾಗ ಬಿಟ್ಟಿತ್ತು.

"ನಾವೂ ಹಾಕಿದೀವಿ ಮಿಸ್," ಎಂದಳು ಗುಂಡಿ. "ಹತ್ತು ಜನಾನೂ. ನೀವೇ ಇಲ್ಲ ಅಂದ್ಮೇಲೆ ನಾವ್ಯಾವ ಬಾಯಲ್ಲಿ ಹೌದು ಅನ್ನೋದು?"

"ಕಾಲರಕ್ಕ?"

"ಅಕ್ಕ ಹಾಕ್ಲಿಲ್ಲ. ನಂಗೆ ಯಾರೂ ಹೇಳ್ಕೊಟ್ಟಿಲ್ಲ, ನಾನೇ ತೀರ್ಮಾನ ಮಾಡಿದ್ದು ಅಂದ್ರಂತೆ. ಅದೂ ಇಂಗ್ಲಿಷಲ್ಲೇ ಅಂದ್ರಂತೆ. ಊಟದ ಹೊತ್ತಿಗೆ ಗೇಟಿಂದಾಚೆ ಕಳಿಸಿದ್ರು."

ಮಿಸ್ಸು ಕುರ್ಚಿಯ ಮೇಲೆ ಕೂತಳು. ಯಾರಾದರೂ ಒಬ್ಬಳು ಬೈದಿದ್ದರೆ ಚೆನ್ನಾಗಿತ್ತು. ಅವರು ಪುಸ್ತಕ ನೋಡುತ್ತಿದ್ದರು. ಟೋಕನ್ ಈಗ ಲೈನಿಗೆ ಒಂದೇ ಎಂದು ಹಿಂದಿನ ಬೆಂಚಿನವಳೊಬ್ಬಳು ಹೇಳಿದಳು, ಸುದ್ದಿ ಹೇಳಿದ ಹಾಗೆ.

ಕಾಲರಕ್ಕನ ಮನೆ ರೈಲು ಹಳಿಯ ಆಚೆಗಿನ ಸಾಲು ಮನೆಗಳಲ್ಲಿ ಕೊನೆಯದು. ಮಿಸ್ಸು ಸಂಜೆಯೇ ಹುಡುಕಿಕೊಂಡು ಹೋದಳು. ಮುಂದಿನ ಕೋಣೆಯಲ್ಲಿ ಹಳೆಯ ಹೊಲಿಗೆ ಮಿಷಿನ್ನಿನ ಮುಂದೆ ಕಾಲರಕ್ಕ ಯಾರದೋ ಶಾಲೆಯ ಸಮವಸ್ತ್ರಕ್ಕೆ ಅಂಚು ಹೊಲಿಯುತ್ತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು. ಮರ್ಯಾದೆಯಲ್ಲಿ ಒಂದು ಕೂದಲೆಳೆ ಕಡಿಮೆಯಾಗಲಿಲ್ಲ. ಅದನ್ನೇ ಮಿಸ್ಸಿಗೆ ತಡೆಯಲಾಗಲಿಲ್ಲ.

ತಾನು ಬರೆದುಕೊಟ್ಟದ್ದು ಯಾಕೆ ಎಂದು ಮಿಸ್ಸು ಮೊದಲಿನಿಂದ ಹೇಳಿದಳು. ಆಫೀಸರು ಹೇಳಿದ್ದು, ತಾನು ನಂಬಿದ್ದು, ಎಲ್ಲರ ಸಂಸಾರ ಕಣ್ಣ ಮುಂದೆ ಬಂದದ್ದು. ಕಾಲರಕ್ಕ ಮಿಷಿನ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ನಿಮ್ನ ಬಯ್ಯಲ್ಲ ನಾನು," ಎಂದಳು ಕೊನೆಗೆ. "ನಮ್ನ ಉಳ್ಸೋಕೆ ಹೋದ್ರಿ. ಉಳ್ಸೋರು ಬೇಕು ಅಂತ ಯಾರು ಕೇಳಿದ್ರು ನಿಮ್ನ? ಸಾಕ್ಷಿ ಬೇಕಿತ್ತು. ಒಂದು ಹೌದು. ಕೆಲ್ಸ ಹೋಗ್ಬೋದು ಅಂತ ನಮ್ಗೆ ಗೊತ್ತಿರ್ಲಿಲ್ವಾ? ಹನ್ನೊಂದು ಜನ ಎಣ್ಸಿ, ಗುಣಿಸಿ, ಹೆದ್ರಿ, ಆಮೇಲೇ ಸಹಿ ಹಾಕಿದ್ದು. ನೀವು ಅದನ್ನ ಮಕ್ಳ ಆಟ ಮಾಡ್ಬಿಟ್ರಿ."

ಮಿಸ್ಸು ಅತ್ತಳು. ಕಾಲರಕ್ಕ ಅವಳನ್ನು ಅಳಲು ಬಿಟ್ಟು, ಮಿಷಿನ್ನಿನ ದಾರದ ಬಾಬಿನ್ ಬದಲಾಯಿಸಿದಳು.

ಮಿಸ್ಸು ಕಣ್ಣೊರೆಸಿಕೊಂಡು, ಇನ್ನೊಂದು ಪತ್ರ ಬರೆಯುತ್ತೇನೆ, ಮೊದಲನೆಯದು ಸುಳ್ಳು ಎಂದು ಬರೆಯುತ್ತೇನೆ, ಕೊಳ್ಳುವ ಕಂಪನಿಗೂ ಕಳಿಸುತ್ತೇನೆ ಎಂದಳು. ಬರೆಯಲೋ ಬೇಡವೋ ಎಂದು ಕೇಳಿದಳು.

"ಅದನ್ನ ನನ್ನ ಕೇಳ್ತೀರಲ್ಲ ಮಿಸ್." ಕಾಲರಕ್ಕನ ಮುಖದಲ್ಲಿ ಮೊದಲ ಸಲ ಸಿಟ್ಟು ಕಾಣಿಸಿತು. "ಬರೀರಿ, ಇಲ್ಲಾ ಬಿಡಿ. ನಂಗೋಸ್ಕರ ಅಂತ ಮಾತ್ರ ಬರೀಬೇಡಿ. ನಮಗೋಸ್ಕರ ಅಂತ ಮೊದಲ್ನೇದು ಬರೆದ್ರಲ್ಲ, ಸಾಕಾಗಿದೆ."

ಮಿಷಿನ್ನು ಮತ್ತೆ ಓಡತೊಡಗಿತು. ಮಾತು ಮುಗಿದಿದೆ ಎಂದು ಅದರ ಸದ್ದೇ ಹೇಳಿತು.

ಎರಡನೆಯ ಪತ್ರ ಬರೆಯಲು ಮಿಸ್ಸಿಗೆ ಐದು ದಿನ ಹಿಡಿಯಿತು. ಅದು ಬರೀ ಆರು ಸಾಲು. ಹನ್ನೊಂದು ಜನ ಸಭೆ ಸೇರಿದ್ದು ನಿಜ, ತೀರ್ಮಾನ ಮಾಡಿದ್ದು ನಿಜ, ಸಭೆ ನಡೆಸಿದವಳು ನಾನು, ಅಭ್ಯಾಸ ಎಂದು ನಾನು ಬರೆದದ್ದು ಸುಳ್ಳು. ಮೂರು ಪ್ರತಿ ಮಾಡಿದಳು. ಒಂದನ್ನು ಹೊರದೇಶದ ವಿಳಾಸಕ್ಕೆ ಅಂಚೆಗೆ ಹಾಕಿದಳು. ಎರಡನ್ನು ಹಿಡಿದುಕೊಂಡು ಆಫೀಸರ ಮುಂದೆ ಹೋಗಿ ನಿಂತಳು. ಅಣ್ಣನಿಗೆ ಹೇಳಲಿಲ್ಲ.

ಆಫೀಸರು ಓದಿದ. ಇನ್ನೊಮ್ಮೆ ಓದಿದ. ಈ ಸಲವೂ ಅವನಿಗೆ ಸಿಟ್ಟು ಬರಲಿಲ್ಲ.

"ಮಿಸ್, ಇದನ್ನ ಆ ಶುಕ್ರವಾರ ಬರೆದಿದ್ರೆ ನಾನು ಸಿಕ್ಕಾಕ್ಕೊಳ್ತಿದ್ದೆ, ಸುಳ್ಳು ಹೇಳಲ್ಲ," ಎಂದ. "ಈಗ ಹತ್ತು ಜನ ನಿಮ್ಮ ಮೇಲೆ ಬರೆದುಕೊಟ್ಟಿದಾರೆ. ನೀವು ಒಂದು ವಾರ ಒಂದು ಹೇಳ್ತೀರಿ, ಇನ್ನೊಂದು ವಾರ ಇನ್ನೊಂದು. ತನಿಖೆಯವ್ರು ಯಾವ್ದನ್ನ ನಂಬ್ತಾರೆ? ಇದು ಈಗ ಬರೀ ಕಾಗ್ದ."

"ಇರ್ಲಿ. ಒಂದು ಪ್ರತಿ ಇಟ್ಕೊಳ್ಳಿ. ಇನ್ನೊಂದಕ್ಕೆ ಮುಟ್ಟಿದೆ ಅಂತ ಸೀಲು ಹಾಕ್ಕೊಡಿ."

ಸೀಲು ಹಾಕುವುದಿಲ್ಲ ಎಂದ. ಅವಳು ಕುರ್ಚಿಯಿಂದ ಏಳಲಿಲ್ಲ. ಹನ್ನೊಂದಕ್ಕೆ ಕೂತವಳು ಊಟದ ಗಂಟೆಗೂ ಕೂತೇ ಇದ್ದಳು. ಗುಮಾಸ್ತರು ಬಂದು ಹೋಗಿ ನೋಡಿದರು. ಒಬ್ಬ ಫ್ಯಾನು ಆರಿಸಿದ. ಮೂರು ಗಂಟೆಗೆ ಆಫೀಸರಿಗೆ ಎಲ್ಲಿಗೋ ಹೊರಡಬೇಕಿತ್ತು. ಇವಳನ್ನು ಒಳಗೆ ಬಿಟ್ಟು ಬೀಗ ಹಾಕುವಂತಿರಲಿಲ್ಲ. ಗುಮಾಸ್ತನಿಗೆ ಕಣ್ಸನ್ನೆ ಮಾಡಿದ. ಗುಮಾಸ್ತ ಸೀಲು ಕುಟ್ಟಿ, ತಾರೀಕು ಬರೆದು ಕೊಟ್ಟ. ಅದರ ಜೊತೆಗೇ ಇನ್ನೊಂದು ಲಕೋಟೆಯನ್ನೂ ಕೊಟ್ಟ. ನಾಳೆಯಿಂದ ಪಾಠಕ್ಕೆ ಬರಬೇಕಾಗಿಲ್ಲ ಎಂದು ಅದರಲ್ಲಿತ್ತು. ಅದು ಹಿಂದಿನ ದಿನವೇ ಟೈಪಾಗಿತ್ತು.

ಹೊರದೇಶದಿಂದ ಒಂದೂವರೆ ತಿಂಗಳಿಗೆ ಉತ್ತರ ಬಂತು. ನಿಮ್ಮ ಕಾಳಜಿಗೆ ಧನ್ಯವಾದ, ವಿಷಯವನ್ನು ಗಮನಿಸಲಾಗಿದೆ.

ಈಗ ಮಿಸ್ಸು ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ನೆರೆಹೊರೆಯ ಐದಾರು ಮಕ್ಕಳಿಗೆ ಪಾಠ ಹೇಳಿಕೊಡುತ್ತಾಳೆ. ಅತ್ತಿಗೆ ಮಾತು ಬಿಟ್ಟಿಲ್ಲ, ಕಡಿಮೆ ಮಾಡಿದ್ದಾಳೆ. ಕಾಲರಕ್ಕನಿಗೆ ಬೇರೆ ಕಾರ್ಖಾನೆಯಲ್ಲಿ ಹೆಲ್ಪರ್ ಕೆಲಸ ಸಿಕ್ಕಿದೆ, ಹದಿನೆಂಟು ವರ್ಷ ಕೂರಿಸಿದ ಕಾಲರಿನ ಲೆಕ್ಕ ಅಲ್ಲಿ ಯಾರಿಗೂ ಬೇಡ. ಇಬ್ಬರೂ ಒಮ್ಮೆ ಬಸ್ಸಿನಲ್ಲಿ ಎದುರಾದರು. ಚೆನ್ನಾಗಿದೀರಾ ಮಿಸ್ ಎಂದು ಕಾಲರಕ್ಕ ಕೇಳಿದಳು, ಚೆನ್ನಾಗಿದೀನಿ ಎಂದಳು ಇವಳು, ಅಷ್ಟರಲ್ಲಿ ಸ್ಟಾಪು ಬಂತು.

ಸೀಲು ಬಿದ್ದ ಪ್ರತಿಯನ್ನು ಮಿಸ್ಸು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ತನ್ನ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಇಟ್ಟಿದ್ದಾಳೆ. ಯಾರಾದರೂ ಕೇಳಿದರೆ ತಕ್ಷಣ ತೆಗೆದು ಕೊಡಬಹುದು. ಇದುವರೆಗೆ ಯಾರೂ ಕೇಳಿಲ್ಲ.